ಬಲಕ್ಕೆ ಹಾರಿದ ನೀಲಕಂಠ

ಪ್ಲೇಗು ಬಂದು ಹೋದ ಮರುವರ್ಷ. ನನ್ನ ಹೆಂಡತಿ ಗುರುಬಸವ್ವನಿಗೆ ತವರಲ್ಲಿ ಹೆರಿಗೆ ನೋವು ಶುರುವಾಗಿ ಒಂದು ಹಗಲು, ಒಂದು ರಾತ್ರಿ ಕಳೆದಿತ್ತು. "ಕೂಸು ಅಡ್ಡ ಐತಿ. ನನ್ನ ಕೈಲೆ ಆಗೂದಿಲ್ಲ, ಬೈಲಹೊಂಗಲದ ದವಾಖಾನಿಗೆ ಒಯ್ರಿ" ಎಂದು ಸೂಲಗಿತ್ತಿ ಸೋಮವ್ವ ಕೈಚೆಲ್ಲಿದಳು.

ಗಾಡಿ ಸಂಪಗಾಂವದ ಅಗಸಿ ಬಾಗಿಲು ದಾಟಿತ್ತಷ್ಟೇ, ನನ್ನ ಮಾವ ನಿಜಗುಣಪ್ಪ ಎತ್ತುಗಳನ್ನು ತಡೆದು ನಿಂತುಬಿಟ್ಟರು. ಎಡಗಡೆಯ ಬೇವಿನ ಮರದಲ್ಲಿ ನೀಲಕಂಠ ಹಕ್ಕಿ ಕೂತಿತ್ತು. ಅದು ಬಲಕ್ಕೆ ದಾಟುವವರೆಗೂ ಗಾಡಿ ಅಲುಗಬಾರದಂತೆ.

ನನಗೆ ಮೈ ಉರಿಯಿತು. ನಾನು ಇಂಗ್ಲಿಷ್ ಕಲಿಸುವ ಮಾಸ್ತರ. ಹೋದ ವಾರವಷ್ಟೇ 'ಆಸ್ಪಿಶಸ್' ಎಂಬ ಶಬ್ದವನ್ನು ಹುಡುಗರಿಗೆ ಬಿಡಿಸಿ ಹೇಳಿದ್ದೆ. ಮಂಗಳಕರ ಎಂದು ಅರ್ಥ. ಅದರ ಬೇರು ಲ್ಯಾಟಿನ್ನಿನ ಎರಡು ಮಾತು: ಒಂದು ಹಕ್ಕಿ, ಇನ್ನೊಂದು ನೋಡುವುದು. ಹಾಳು ಬಾಯಿ ಸುಮ್ಮನಿರಲಿಲ್ಲ.

"ಮಾವಾರ, ಎರಡು ಸಾವಿರ ವರ್ಷದ ಹಿಂದ ರೋಮಿನ ರಾಜರೂ ಹಿಂಗ ಹಕ್ಕಿ ನೋಡಿ ದಂಡು ಹೊರಡಸತಿದ್ರು. ಆ ಹುಚ್ಚು ಹೋತು, ಬರೇ ಶಬ್ದ ಉಳೀತು. ನಡೀರಿ!"

ಮಾವನ ಮುಖ ಅರಳಿತು. "ರಾಜರೂ ನೋಡತಿದ್ರೇನ್ರಿ ಮಾಸ್ತರ? ಮತ್ತ ನಾವ್ಯಾರು? ನಿಲ್ರಿ."

ನನ್ನ ವಿದ್ಯೆ ನನ್ನ ಕುತ್ತಿಗೆಗೇ ಬಂತು. ಗಾಡಿಯೊಳಗೆ ಗುರುಬಸವ್ವ ನರಳಿದಳು. ಮಾವ ದನಿ ಇಳಿಸಿ ಹೇಳಿದರು: "ಹಕ್ಕಿ ಎಡಕ್ಕ ಹೋದ್ರೂ ಹಿರೇಮಗಳನ್ನ ಹಿಂಗ ಹೆರಿಗಿಗೆ ಕಳಿಸಿದ್ದೆ. ಹೆಣಾ ಬಂತ್ರಿ."

ಸಿಟ್ಟೆಲ್ಲ ಇಳಿದು ಭಯ ಹತ್ತಿತು. ನೀರು ಕುಡಿದು ಬರುತ್ತೇನೆಂದು ಸುಳ್ಳು ಹೇಳಿ ಮರದ ಹಿಂದೆ ಹೋದೆ. ಕೈಗೆ ಸಿಕ್ಕ ಕಲ್ಲೆತ್ತಿ ಟೊಂಗೆಗೆ ಬೀಸಿದೆ. ನೀಲಕಂಠ ಕಿರುಚಿ ರಸ್ತೆ ದಾಟಿ ಬಲಕ್ಕೆ ಹಾರಿತು.

"ಬಲಕ್ಕಾತು!" ಎಂದು ಮಾವ ಎತ್ತುಗಳನ್ನು ಓಡಿಸಿದರು.

ದವಾಖಾನೆಯ ಬಾಗಿಲು ಅವಳನ್ನು ಒಳಗೆ ತೆಗೆದುಕೊಂಡು ಮುಚ್ಚಿತು. ನಾನು ಕೂರಲಾರದೆ ಅಂಗಳ ತುಳಿಯುತ್ತಿದ್ದೆ. ಕಟ್ಟೆಯ ಮೇಲಿಂದ ಮಾವ ಅಂದರು, "ನೀವು ಕಲ್ಲು ಒಗದದ್ದು ನಾ ನೋಡೇನ್ರಿ."

ನಾನು ತುಳಿಯುವುದನ್ನು ನಿಲ್ಲಿಸಿ ಅವರತ್ತ ತಿರುಗಿದೆ.

"ಯಾರರ ಒಗೀಲಿ ಅಂತನ ನಿಂತಿದ್ದೆ. ನನ್ನ ಕೈ ಏಳಲಿಲ್ಲ."

ಮೇಲೆ ಯಾವುದೋ ಹಕ್ಕಿ ಕೂಗಿತು. ಇಬ್ಬರೂ ತಲೆ ಎತ್ತಲಿಲ್ಲ. ಕೊನೆಗೂ ಬಾಗಿಲು ತೆರೆಯಿತು. "ತಾಯಿ, ಮಗಳು ಇಬ್ರೂ ಉಳದಾರ" ಎಂದಳು ನರ್ಸ್‌ಬಾಯಿ.

ಮಾವ ಎದ್ದು ಬಂದು, ಕಲ್ಲು ಬೀಸಿದ ನನ್ನ ಕೈ ಹಿಡಿದು ಕಣ್ಣಿಗೊತ್ತಿಕೊಂಡರು.