ಫ್ರೀಜರ್‌ಗೆ ಊಟ ಹಾಕಿದ್ದೀರಾ?

ಬೆಳಿಗ್ಗೆ ಕಣ್ಣು ಬಿಟ್ಟಾಗ ಮನೆಗಾಡಿಯೊಳಗೆ ಏನೋ ಒಂದು ಕಡಿಮೆಯಾದಂತಿತ್ತು. ಹಾರನ್ ತಾತ ಹಾಸಿಗೆಯಲ್ಲೇ ಎದ್ದು ಕುಳಿತು ಕಿವಿಗೊಟ್ಟರು. ಪಕ್ಕದಲ್ಲಿ ಮೊಮ್ಮಗಳ ಉಸಿರು ಕೇಳಿಸಿತು. ಆಚೆ ಹೆಂಡತಿ ಪಾತ್ರೆ ತೊಳೆಯುವ ಸದ್ದು ಕೇಳಿಸಿತು. ಮೂಲೆಯ ಫ್ರೀಜರಿನ ಗುಂಯ್ ಎನ್ನುವ ಸದ್ದು ಮಾತ್ರ ಇರಲಿಲ್ಲ.

"ಏನೇ, ಪೆಟ್ಟಿಗೆ ಸುಮ್ಮನಾಗಿಬಿಟ್ಟಿದೆ!" ಎಂದು ಕೂಗಿದರು.

"ಮೆತ್ತಗೆ ಮಾತಾಡ್ರೀ, ಮಗು ಏಳತ್ತೆ," ಎಂದರು ಅಜ್ಜಿ.

ಮೆತ್ತಗೆ ಮಾತಾಡುವುದು ತಾತನಿಗೆ ಹುಟ್ಟಿನಿಂದಲೇ ಬಂದಿಲ್ಲ. ಅದಕ್ಕೇ ಆ ಅಡ್ಡಹೆಸರು. ಆಯುಷ್ಯವೆಲ್ಲ ದೂರದೂರಿನ ಬಸ್ಸು ಓಡಿಸಿದವರು. ನಿವೃತ್ತಿಯಾದ ಮೇಲೂ ಸ್ಟೀರಿಂಗ್ ಬಿಡಲು ಮನಸ್ಸಾಗದೆ ಈ ಮನೆಗಾಡಿ ಕೊಂಡಿದ್ದರು. ಮಂಚ, ಒಲೆ, ನೀರಿನ ಟ್ಯಾಂಕ್, ಫ್ರೀಜರ್ ಎಲ್ಲವೂ ಇರುವ, ಇಂಜಿನ್ ಕೂಡ ಇರುವ ಮನೆ. ಮೊನ್ನೆಯಷ್ಟೇ ಅದನ್ನು ಕೆರೆಯ ಪಕ್ಕದ ಬಯಲಿನಲ್ಲಿ, ದೊಡ್ಡ ಮರದ ಕೆಳಗೆ ತಂದು ನಿಲ್ಲಿಸಿದ್ದರು.

ಫ್ರೀಜರಿನಲ್ಲಿ ಐಸ್‌ಕ್ರೀಮ್ ಇದ್ದಿದ್ದರೆ ತಾತ ಕರಗುವ ಮೊದಲೇ ತಿಂದು ಮುಗಿಸಿ ನೆಮ್ಮದಿಯಾಗಿ ಇರುತ್ತಿದ್ದರು. ಆದರೆ ಅದರಲ್ಲಿ ಇದ್ದದ್ದು ಮಗಳ ಎದೆಹಾಲು. ಮಗಳು ಕೆಲಸದ ತರಬೇತಿಗೆಂದು ಪರವೂರಿಗೆ ಹೋಗಿದ್ದಳು. ಹೋಗುವ ಮುಂಚೆ ವಾರಗಟ್ಟಲೆ ನಿದ್ದೆಗೆಟ್ಟು, ಹಾಲು ತೆಗೆದು, ಪುಟ್ಟ ಪುಟ್ಟ ಚೀಲಗಳಲ್ಲಿ ಹೆಪ್ಪುಗಟ್ಟಿಸಿ ಇಟ್ಟಿದ್ದಳು. ಹೊರಡುವಾಗ ಫ್ರೀಜರಿನ ಮೇಲೆ ಕೈಯಿಟ್ಟು, "ಅಪ್ಪಾ, ಇದು ಬರೀ ಹಾಲಲ್ಲ, ನನ್ನ ನಿದ್ದೆ. ಜೋಪಾನ," ಎಂದಿದ್ದಳು.

ಆ ಮಾತು ನೆನಪಾಗಿ ತಾತ ಎದ್ದು ಮೂಲೆಗೆ ಧಾವಿಸಿದರು. ಫ್ರೀಜರಿಗೆ ಹೊದಿಸಿದ್ದ ಕಂಬಳಿ ಸರಿಸಿ ನೋಡಿದರು. ಮುಂದಿನ ಪುಟ್ಟ ಕೆಂಪು ದೀಪ ಮಿಟುಕುತ್ತಿತ್ತು. ಒಳಗೆ ಯಾರೋ ಎದ್ದೇಳಲು ಹೋದಂತೆ ಟಿಕ್ ಎಂಬ ಸದ್ದಾಯಿತು, ಮತ್ತೆ ಸುಮ್ಮನಾಯಿತು.

"ದೀಪ ಉರೀತಿದೆ. ಅಂದ್ರೆ ಕರೆಂಟ್ ಇದೆ. ಪೆಟ್ಟಿಗೇನೇ ಕೆಟ್ಟುಹೋಗಿದೆ," ಎಂದು ತೀರ್ಪು ಕೊಟ್ಟರು.

"ದಾರಿಯುದ್ದಕ್ಕೂ ಚೆನ್ನಾಗಿತ್ತಲ್ಲ, ಇಲ್ಲಿ ನಿಲ್ಲಿಸಿದ ಮೇಲೆ ತಾನೆ ಹೀಗಾಗಿದ್ದು?" ಎಂದರು ಅಜ್ಜಿ.

"ಯಂತ್ರದ ವಿಷಯ ನಿನಗೇನು ಗೊತ್ತು? ಫ್ಯೂಸ್ ಸೊರಗಿರತ್ತೆ. ಬೆಳ್ಳಿ ಕಾಗದ ಸುತ್ತಿ ಹಾಕಿದ್ರೆ ಕುದುರೆ ಥರ ಓಡತ್ತೆ ನೋಡು."

ತಾತ ಫ್ಯೂಸ್ ಕಿತ್ತು ಕೈಗೆ ತೆಗೆದುಕೊಂಡರು. ಚಾಕಲೇಟಿನ ಬೆಳ್ಳಿ ಕಾಗದ ಹುಡುಕತೊಡಗಿದರು. ಅಜ್ಜಿಗೆ ತಡೆಯಲಾಗಲಿಲ್ಲ. ನೇರವಾಗಿ ಬಯಲಿನಲ್ಲೇ ಪಕ್ಕಕ್ಕೆ ನಿಂತಿದ್ದ ಹಸಿರು ವ್ಯಾನಿನ ಬಾಗಿಲು ತಟ್ಟಿದರು.

ಆ ವ್ಯಾನು ಡಾಕ್ಟ್ರಮ್ಮನದು. ಆಕೆ ಪಶುವೈದ್ಯೆ. ದನಕರುಗಳ ಲಸಿಕೆಯನ್ನು ವ್ಯಾನಿನ ತಂಪುಪೆಟ್ಟಿಗೆಯಲ್ಲಿ ಇಟ್ಟುಕೊಂಡು ಹಳ್ಳಿ ಹಳ್ಳಿ ತಿರುಗುವವರು. ವಿಷಯ ಕೇಳಿ, ಕೈಯಲ್ಲೊಂದು ಕರೆಂಟ್ ಅಳೆಯುವ ಪುಟ್ಟ ಮೀಟರ್ ಹಿಡಿದು ಬಂದರು. ತಾತ ಮೀಸೆಯೊಳಗೇ ನಕ್ಕರು.

"ನೀವು ದನದ ಡಾಕ್ಟ್ರಲ್ವೇನಮ್ಮಾ?"

"ಹೌದು ತಾತ. ಬಾಯಿಬಿಟ್ಟು ಹೇಳದೇ ಇರೋರ ಕಾಯಿಲೆ ಹುಡುಕೋದೇ ನನ್ನ ಕೆಲಸ. ನಿಮ್ಮ ಪೆಟ್ಟಿಗೆ ಏನಾದ್ರೂ ಬಾಯಿಬಿಟ್ಟು ಹೇಳ್ತಾ?"

ಅಜ್ಜಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು. ಡಾಕ್ಟ್ರಮ್ಮನ ಕಣ್ಣು ತಾತನ ಕೈಯಲ್ಲಿದ್ದ ಬೆಳ್ಳಿ ಕಾಗದದ ಮೇಲೆ ಬಿತ್ತು. ಅವರ ನಗು ಅಲ್ಲಿಗೇ ನಿಂತಿತು.

"ಅದನ್ನ ಮೊದಲು ಕಸಕ್ಕೆ ಹಾಕಿ."

"ಬಸ್ಸಲ್ಲಿ ಎಷ್ಟು ಸಲ ಹಾಕಿದೀನಿ, ಏನೂ ಆಗಿಲ್ಲ!"

"ಆಗದೇ ಇದ್ದದ್ದು ನಿಮ್ಮ ಪುಣ್ಯ. ಫ್ಯೂಸ್ ಅಂದ್ರೆ ಮನೆ ಕಾವಲುಗಾರ, ತಾತ. ತಂತಿ ಕಾದಾಗ ಮೊದಲು ತಾನು ಸುಟ್ಟುಕೊಂಡು ನಿಮ್ಮನ್ನ ಉಳಿಸತ್ತೆ. ಈ ಕಾಗದ ಸುಡಲ್ಲ, ತಂತಿ ಸುಡತ್ತೆ. ಆ ತಂತಿ ಹೋಗೋದು ಎಲ್ಲಿಂದ? ಮಗು ಮಲಗಿರೋ ಮಂಚದ ಕೆಳಗಿಂದ."

ತಾತ ಮಂಚದ ಕಡೆ ನೋಡಿದರು. ಕಾಗದ ಮುದುರಿ ಕಸದ ಡಬ್ಬಿಗೆ ಹಾಕಿದರು.

ಡಾಕ್ಟ್ರಮ್ಮ ಫ್ಯೂಸನ್ನು ಬೆಳಕಿಗೆ ಹಿಡಿದು ನೋಡಿದರು. ಅದು ನೆಟ್ಟಗಿತ್ತು. ಅದನ್ನೇ ಮರಳಿ ಕೂರಿಸಿದರು. "ಹಸು ಹಾಲು ಕೊಡ್ತಿಲ್ಲ ಅಂತ ಕರೆದ್ರೆ ನಾನು ಮೊದಲು ಹಸು ನೋಡಲ್ಲ, ಗೋದಲಿ ನೋಡ್ತೀನಿ. ಮೇವು ಬರ್ತಿದೆಯಾ? ಎಲ್ಲಿಂದ ಬರ್ತಿದೆ? ಎಲ್ಲಿ ನಿಂತಿದೆ? ನಿಮ್ಮ ಫ್ರೀಜರಿನ ಗೋದಲಿ ಎಲ್ಲಿ?"

"ಬ್ಯಾಟರಿ, ಸೀಟಿನ ಕೆಳಗೆ," ಎಂದು ತಾತ ಹಲಗೆ ಎತ್ತಿ ತೋರಿಸಿದರು. ಬ್ಯಾಟರಿಯ ತುದಿಗಳು ಥಳಥಳ ಹೊಳೆಯುತ್ತಿದ್ದವು. ಒಂದು ತಂತಿಯೂ ಸಡಿಲವಿರಲಿಲ್ಲ. ತಾತನ ಎದೆ ಸ್ವಲ್ಪ ಉಬ್ಬಿತು.

"ಇಷ್ಟು ಚೊಕ್ಕಟವಾಗಿ ಇಟ್ಟಿರೋರನ್ನ ನಾನು ನೋಡೇ ಇಲ್ಲ," ಎಂದರು ಡಾಕ್ಟ್ರಮ್ಮ. ತಾತನ ಎದೆ ಇನ್ನಷ್ಟು ಉಬ್ಬಿತು. ಡಾಕ್ಟ್ರಮ್ಮ ಮೀಟರಿನ ಮೊನೆಗಳನ್ನು ಎರಡೂ ತುದಿಗೆ ತಾಗಿಸಿದರು. "ಆದರೆ ಹೊಟ್ಟೆ ಖಾಲಿ. ಹನ್ನೆರಡು ವೋಲ್ಟಿಗಿಂತ ಕೆಳಗಿದೆ ನೋಡಿ. ಪೆಟ್ಟಿಗೆ ಟಿಕ್ ಅಂದಾಗ ಇನ್ನೂ ಕೆಳಗೆ ಇಳೀತಿದೆ."

"ಮತ್ತೆ ದೀಪ ಉರೀತಿದೆಯಲ್ಲ?"

"ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವು ಅಂತಾರಲ್ಲ, ಹಾಗೆ. ದೀಪಕ್ಕೆ ಒಂದು ತುತ್ತು ಸಾಕು. ಒಳಗಿನ ಯಂತ್ರ ಏಳೋಕೆ ಹೊಟ್ಟೆ ತುಂಬ ಬೇಕು. ಅದು ಮಿಟುಕ್ತಿರೋದೇ ಹಸಿವು ಅಂತ ಹೇಳೋಕೆ."

"ದಾರೀಲಿ ಚೆನ್ನಾಗಿತ್ತಲ್ಲ!"

"ಇಂಜಿನ್ ಓಡುವಾಗ ಬ್ಯಾಟರಿಗೆ ಅದೇ ಉಣಿಸತ್ತೆ. ನಿಂತ ಮೇಲೆ ಉಣಿಸೋರು ಯಾರು?"

ತಾತ ತಲೆ ಕೆರೆದುಕೊಂಡರು. ಡಾಕ್ಟ್ರಮ್ಮ ಹೊರಗೆ ಹೋಗಿ ಗಾಡಿಯ ಚಾವಣಿ ನೋಡಲು ಏಣಿ ಹತ್ತಿದರು. ಮೇಲಿಂದ ಅವರ ನಗು ಕೇಳಿಸಿತು. "ತಾತಾ! ಈ ಸೋಲಾರ್ ಹಲಗೆ ಮೇಲೆ ಒದ್ದೆ ಗೋಣಿಚೀಲ ಹೊದಿಸಿದ್ದು ಯಾರು?"

"ನಾನೇ! ಬಿಸಿಲಿಗೆ ಆ ಕರಿ ಹಲಗೆ ಹೆಂಚಿನ ಥರ ಕಾಯತ್ತೆ. ಅದರ ಕೆಳಗೇ ಫ್ರೀಜರ್ ಇರೋದು. ಮಗಳ ಹಾಲು ಕರಗಬಾರದು ಅಂತ ದಿನಾ ನೀರು ಚಿಮುಕಿಸ್ತಿದೀನಿ. ಆ ಹಲಗೆ ಬರೀ ಬಲ್ಬಿಗೆ ತಾನೆ ಇರೋದು?"

"ಬಲ್ಬಿಗೂ ಅದೇ, ಬ್ಯಾಟರಿಗೂ ಅದೇ. ಮರದ ನೆರಳು ಸಾಲದು ಅಂತ ಗೋಣಿ ಬೇರೆ! ಗೋದಲಿಗೆ ಬೀಗ ಹಾಕಿ ಹಸು ಮೈ ತೊಳೆದಿದೀರಿ."

ಈಗ ಅಜ್ಜಿಗೆ ತಮ್ಮ ಸರದಿ ಬಂದಂತಾಯಿತು. "ಅಷ್ಟೇ ಅಲ್ಲಮ್ಮ. ತಂಪು ಹೊರಗೆ ಹೋಗಬಾರದು ಅಂತ ಹಿಂದಿನ ಸಂದಿಗೆಲ್ಲ ದಿಂಬು ತುರುಕಿದಾರೆ. ಗಟ್ಟಿಯಾಗಿದೆಯಾ ಅಂತ ಗಳಿಗೆಗೊಂದು ಸಲ ಬಾಗಿಲು ತೆಗೆದು ನೋಡ್ತಾರೆ. ಇವರ ಪ್ರೀತಿ ತಡೆಯೋಕಾಗದೆ ಪೆಟ್ಟಿಗೆ ಮೂರ್ಛೆ ಹೋಗಿದೆ!"

"ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಎಳೆಯೋಕೆ ಹೊರಟಿದ್ದೆ," ಎಂದರು ತಾತ. ಅಜ್ಜಿ ಮದುವೆಯಾದ ಮೇಲೆ ಕೇಳಿರದಷ್ಟು ದನಿ ಮೆತ್ತಗಿತ್ತು. "ಹಾಲು ಹೋಯ್ತಾ ಡಾಕ್ಟ್ರಮ್ಮ? ಸದ್ಯಕ್ಕೆ ನಿಮ್ಮ ಪೆಟ್ಟಿಗೇಲಿ ಇಡೋಕಾಗಲ್ವಾ?"

"ಅದರಲ್ಲಿ ದನದ ಮದ್ದಿದೆ, ಮಗುವಿನ ಹಾಲು ಇಡಬಾರದು. ಇದನ್ನೇ ಎಬ್ಬಿಸೋಣ. ಅಲ್ಲೀತನಕ ಬಾಗಿಲು ಮುಟ್ಟಬೇಡಿ. ಮುಚ್ಚಿದ ಬಾಗಿಲು ಅರ್ಧ ತಂಪು ಉಳಿಸತ್ತೆ."

ಗೋಣಿಚೀಲಗಳು ಕೆಳಗೆ ಬಿದ್ದವು. ಹಲಗೆಯ ಮೇಲಿನ ಎಲೆ, ಹಕ್ಕಿ ಹಿಕ್ಕೆ ಎಲ್ಲವನ್ನೂ ತಾತ ತಾವೇ ಒರೆಸಿದರು. ದಿಂಬುಗಳು ಸಂದಿಯಿಂದ ಈಚೆ ಬಂದವು. ಕಂಬಳಿ ಮಂಚ ಸೇರಿತು. ಫ್ರೀಜರಿನ ಬೆನ್ನಿಗೆ ಬಿಸಿಗಾಳಿ ಹೊರಬಿಡಲು ಜಾಗ ಬೇಕು, ಹೊದ್ದುಕೊಂಡು ಓಡುವವನಿಗೆ ಸುಸ್ತು ಜಾಸ್ತಿ ಎಂದರು ಡಾಕ್ಟ್ರಮ್ಮ. ನಿಂತ ಗಾಡಿಯ ಇಂಜಿನ್ ಹೊಗೆ ಒಳಗೆ ಸೇರಿದರೆ ಪ್ರಾಣಕ್ಕೇ ಅಪಾಯ ಎಂದು ಅಜ್ಜಿಯನ್ನೂ ಮಗುವನ್ನೂ ಮರದ ಕೆಳಗೆ ಚಾಪೆಯ ಮೇಲೆ ಕೂರಿಸಿದರು. ತಾತ ಬ್ಯಾಟರಿಗೆ ಉಣಿಸಲು ಇಂಜಿನ್ ಚಾಲೂ ಮಾಡಿ, ಕೆರೆಯ ಏರಿ ಸುತ್ತಿ ಒಂದು ಒಳ್ಳೆಯ ಸವಾರಿ ಹೊಡೆದು, ಗಾಡಿಯನ್ನು ನಡುಬಯಲಿನ ಬಿಸಿಲಿಗೆ ತಂದು ನಿಲ್ಲಿಸಿದರು.

ಇಂಜಿನ್ ಆರಿತು. ತಾತ ಕಿವಿಗೊಟ್ಟರು. ಮೂಲೆಯಿಂದ ಕೇಳಿ ಬಂತು, ಗುಂಯ್.

"ಬದುಕಿದ್ಯಾ ಮಹಾರಾಯ!" ಎಂದು ಅವರು ಕೂಗಿದ ಕೂಗಿಗೆ ಕೆರೆಯ ಕೊಕ್ಕರೆಗಳೆಲ್ಲ ಎದ್ದು ಹಾರಿದವು. ಮಗುವೂ ಎದ್ದು ಹಸಿವಿನಿಂದ ಅಳತೊಡಗಿತು.

ಈಗ ಒಂದೇ ಒಂದು ಸಲ ಬಾಗಿಲು ತೆರೆದರು. ಮೇಲಿನ ಒಂದು ಚೀಲ ಪೂರ್ತಿ ಕರಗಿ, ಇನ್ನೂ ತಣ್ಣಗಿತ್ತು. ಉಳಿದವು ಅಂಚಿನಲ್ಲಿ ಮೆತ್ತಗಾಗಿದ್ದರೂ ಒಳಗೆ ಕಲ್ಲಿನಂತಿದ್ದವು.

"ಪೂರ್ತಿ ಕರಗಿದ್ದನ್ನ ಮತ್ತೆ ಹೆಪ್ಪುಗಟ್ಟಿಸಬಾರದು. ಅದನ್ನ ಈಗಲೇ ಕುಡಿಸಿ," ಎಂದರು ಡಾಕ್ಟ್ರಮ್ಮ. ಅಜ್ಜಿ ಚೀಲವನ್ನು ಬೆಚ್ಚಗಿನ ನೀರಿನಲ್ಲಿಟ್ಟು ಮಗುವಿಗೆ ಕುಡಿಸಿದರು. ಮಗು ಕಣ್ಣು ಮುಚ್ಚಿಕೊಂಡು ಅಮ್ಮನ ಹಾಲು ಕುಡಿಯುವುದನ್ನು ನೋಡುತ್ತ ತಾತನ ಕಣ್ಣು ತುಂಬಿ ಬಂತು. ಧೂಳು ಬಿತ್ತು ಎಂದು ಸುಳ್ಳು ಹೇಳಿದರು.

ಮಧ್ಯಾಹ್ನ ಮಗಳ ಫೋನ್ ಬಂತು. "ಅಪ್ಪಾ, ಅಲ್ಲಿ ಬಿಸಿಲು ಜೋರಂತೆ. ಗಾಡಿ ನೆರಳಲ್ಲಿ ನಿಲ್ಲಿಸಿದೀರಿ ತಾನೆ?"

ತಾತ ಅಜ್ಜಿಯ ಮುಖ ನೋಡಿದರು. ಅಜ್ಜಿ ನಗು ನುಂಗಿದರು.

"ಇಲ್ಲ ಮಗಳೇ. ಗಾಡಿ ಬಿಸಿಲಲ್ಲಿದೆ, ನಾವು ನೆರಳಲ್ಲಿದೀವಿ. ನಿನ್ನ ನಿದ್ದೆ ಗಟ್ಟಿಯಾಗಿದೆ. ನೀನು ಇವತ್ತು ಹಾಯಾಗಿ ಮಲಕ್ಕೋ."

ಓದುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಗಾಡಿಯಲ್ಲೂ ಫ್ರೀಜರ್ ಇದ್ದೀತು. ಅದು ಸುಮ್ಮನಾದ ದಿನ ಅದನ್ನು ಗುದ್ದಬೇಡಿ, ಬೈಯಬೇಡಿ, ಹೊಸದನ್ನು ತರಲೂ ಓಡಬೇಡಿ. ಬಾಗಿಲು ಮುಚ್ಚಿಯೇ ಇರಲಿ. ತಂತಿ ಸಡಿಲವಾಗಿದೆಯೇ, ಫ್ಯೂಸ್ ಸರಿಯಿದೆಯೇ ನೋಡಿ. ಫ್ಯೂಸ್ ಹೋಗಿದ್ದರೆ ಅದೇ ಅಳತೆಯದನ್ನೇ ಹಾಕಿ, ಕಾಗದ ಸುತ್ತುವ ಜಾಣತನ ಬೇಡ. ಮತ್ತೆ ಮತ್ತೆ ಹೋಗುತ್ತಿದ್ದರೆ ಬಲ್ಲವರನ್ನು ಕರೆಯಿರಿ. ಬ್ಯಾಟರಿ ಅಳೆಯಿರಿ. ಆಮೇಲೆ ಒಮ್ಮೆ ಏಣಿ ಹಾಕಿ, ಹುಷಾರಾಗಿ ಹತ್ತಿ, ಗಾಡಿಯ ಚಾವಣಿ ನೋಡಿ. ಅಲ್ಲಿ ನಿಮ್ಮದೇ ಪ್ರೀತಿಯ ಗೋಣಿಚೀಲ ಇದ್ದರೂ ಇದ್ದೀತು. ನಾಚಿಕೊಳ್ಳದೆ ಎತ್ತಿಹಾಕಿ, ಬಿಸಿಲು ಬೀಳಲಿ.