ಹಾಡಿನ ನಡುವಿನ ಕೆಮ್ಮು

ಉಪ್ಪಿನ ಬಯಲಿನ ಕೆರೆಯಲ್ಲಿ ಫ್ಲೆಮಿಂಗೊಗಳು ತಲೆ ತಗ್ಗಿಸಿ ಮೇಯುತ್ತಿದ್ದವು. ಎವರಿಸ್ತೊ ಒಂಟಿಕಾಲಲ್ಲಿ ನಿಂತು, ಕತ್ತು ಕೊಂಕಿಸಿ, ಅವುಗಳಂತೆಯೇ ಕೂಗಿದ. ಪ್ರವಾಸಿಗರು ಬಿದ್ದು ಬಿದ್ದು ನಕ್ಕರು. ವ್ಯಾನು ಓಡಿಸುವುದು ಅವನ ಕಸುಬು, ಅಣಕಿಸುವುದು ಹುಟ್ಟುಗುಣ. ನರಿ, ಪಾದ್ರಿ, ಟೊಕೊನಾವೊ ಊರಿನ ಗೊಣಗುವ ಅಂಗಡಿಯಾಕೆ, ಯಾರೂ ಅವನ ಗಂಟಲಿನಿಂದ ತಪ್ಪಿಸಿಕೊಂಡವರಲ್ಲ.

ಎಲ್ಲರಿಗೂ ಮಧ್ಯಾಹ್ನದ ಊಟ ಸೊಕೈರೆ ಊರಲ್ಲಿ, ಚಿಕ್ಕಮ್ಮ ಸಿಪ್ರಿಯಾನಾಳ ಮನೆಯಲ್ಲಿ. ಅವಳ ಗಂಡ ಲೌರೆಯಾನೊ ಕಳೆದ ಚಳಿಗಾಲದಲ್ಲಿ ತೀರಿಕೊಂಡಿದ್ದ. ವರ್ಷಕ್ಕೊಮ್ಮೆ ಊರವರೆಲ್ಲ ಸನಿಕೆ ಹಿಡಿದು ಕಾಲುವೆಯ ಹೂಳೆತ್ತಿದ ಮೇಲೆ, ಗಂಟೆ ಆಡಿಸುತ್ತ, ಬೆಟ್ಟಗಳ ಹೆಸರೆತ್ತಿ ನೀರನ್ನು ಹಾಡಿ ಕರೆಯುತ್ತಿದ್ದವನು ಅವನೇ. ಹಾಡು ಅಜ್ಜಂದಿರ ಭಾಷೆಯದು. ಆ ಭಾಷೆ ಆಡುವವರು ಯಾವತ್ತೋ ಮಣ್ಣು ಸೇರಿದ್ದರು. ಅರ್ಥ ಹೋಗಿತ್ತು, ಹಾಡು ಉಳಿದಿತ್ತು. ಈಗ ಹಾಡುವವನೂ ಇಲ್ಲ. ನಾಳೆಯೇ ಕಾಲುವೆಯ ಹಬ್ಬ. ಹಾಡದೆ ನೀರು ಬಿಡುವುದುಂಟೇ?

“ನಿಂಗೆ ಬರುತ್ತಂತಲ್ಲೋ,” ಸೂಪಿನ ಬಟ್ಟಲು ಕುಕ್ಕುತ್ತ ಚಿಕ್ಕಮ್ಮ ಅಂದಳು.

“ಏನು ಚಿಕ್ಕಮ್ಮ?”

“ಕೊಟ್ಟಿಗೆಯ ಲಾಮಾ ಥರ ಕಣ್ಣು ಪಿಳಿಪಿಳಿ ಬಿಡ್ಬೇಡ. ನಿಮ್ಮ ಚಿಕ್ಕಪ್ಪನ ಹಾಡು.”

“ಅಯ್ಯೋ, ಅದು ಬರೀ ತಮಾಷೆಗೆ. ನನ್ನ ಕೈಗೆ ಗಂಟೆ ಕೊಡೋಕೆ ಹಿರಿಯರು ಒಪ್ತಾರಾ? ‘ಈ ಕೋಡಂಗಿ ಹಾಡಿದ್ರೆ ನೀರು ಬರಲ್ಲ ಕಣಯ್ಯಾ, ಬೆಟ್ಟ ನಗುತ್ತೆ ಅಷ್ಟೇ’ ಅಂತಾರೆ.” ಕೊನೆಯ ಮಾತು ಊರ ಮುಖಂಡನ ಮೂಗಿನಿಂದಲೇ ಬಂದಂತಿತ್ತು.

ಚಿಕ್ಕಮ್ಮ ನಗಲಿಲ್ಲ. “ಗಂಟೆ ನನ್ನ ಹತ್ರ ಇದೆ, ಅವರ ಹತ್ರ ಅಲ್ಲ. ನೀವು ಈಗ ಹೋಗೋ ಮೇಲಿನ ಕೆರೆಗೆ ನಾನೂ ಬರ್ತೀನಿ. ಬೆಟ್ಟದೆದುರು ಹಾಡು. ಕೇಳಿ ಹೇಳ್ತೀನಿ.”

ಮೇಲಿನ ಕೆರೆಯ ಬಳಿ ಗಾಳಿ ಚರ್ಮ ಸುಲಿಯುವಂತಿತ್ತು. ಒಣಹುಲ್ಲಿನ ನಡುವೆ ಲಾಮಾದ ಕಾಡು ಬಳಗದ ವಿಕುನ್ಯಾಗಳು ಕಿವಿ ನಿಮಿರಿಸಿ ನೋಡಿದವು. ಪ್ರವಾಸಿಗರನ್ನು ದಾರಿಯಲ್ಲೇ ನಿಲ್ಲಿಸಿ ಚಿಕ್ಕಮ್ಮ ಬೆಟ್ಟಕ್ಕೆ ಕಾಣಿಕೆಯೆಂದು ನೆಲಕ್ಕೆ ಕೋಕಾ ಎಲೆ ಹಾಕಿದಳು, ವೈನು ಸುರಿದಳು, ಸೆರಗಿನಂಥ ಹೊದಿಕೆಯೊಳಗಿಂದ ಗಂಟೆಗೊಂಚಲು ತೆಗೆದುಕೊಟ್ಟಳು.

ಎವರಿಸ್ತೊ ಬಾಯ್ತೆರೆದ. ಬಂದದ್ದು ಲೌರೆಯಾನೊನ ದನಿ. ಅದೇ ಒರಟು, ಅದೇ ಎಳೆತ. ಚಿಕ್ಕಮ್ಮ ಕಣ್ಣು ಮುಚ್ಚಿದಳು. ಹಾಡು ನಡುವಿಗೆ ಬಂತು. ಅವನು ತಟ್ಟನೆ ನಿಂತ.

“ಯಾಕೋ ನಿಲ್ಲಿಸ್ದೆ?”

“ಇಲ್ಲಿ ಚಿಕ್ಕಪ್ಪ ಕೆಮ್ತಿದ್ರು. ಅದನ್ನೂ ಮಾಡಿದ್ರೆ ಅಣಕ ಆಗುತ್ತೆ, ಚಿಕ್ಕಮ್ಮ.”

“ಅವರು ಹರೆಯದಲ್ಲೂ ಅಲ್ಲೇ ಕೆಮ್ತಿದ್ರು. ಅವರಿಗೆ ಕಲಿಸಿದ ಮುದುಕನೂ ಅಲ್ಲೇ ಕೆಮ್ತಿದ್ದ ಅಂತ ನಮ್ಮಪ್ಪ ಹೇಳ್ತಿದ್ದ. ಯಾವುದು ಮಾತು, ಯಾವುದು ಕೆಮ್ಮು, ನಿಂಗೆ ಗೊತ್ತಾ?”

“ಇಲ್ಲ.”

“ನಂಗೂ ಇಲ್ಲ. ಬೆಟ್ಟಕ್ಕೆ ಗೊತ್ತಿರುತ್ತೆ. ಏನನ್ನೂ ಬಿಡ್ಬೇಡ.”

ಅವನು ಮೊದಲಿನಿಂದ ಹಾಡಿದ. ಆ ಜಾಗ ಬಂದಾಗ ಕೆಮ್ಮಿದ. ಹಿಂದೆ ಪ್ರವಾಸಿಯೊಬ್ಬ, ಬೆಳಗಿನಂಥದೇ ಆಟ ಅಂದುಕೊಂಡು, ಕಿಸಕ್ಕನೆ ನಕ್ಕ. ಎವರಿಸ್ತೊ ತಿರುಗಿ ನೋಡಲಿಲ್ಲ. ನಗಿಸುವುದಕ್ಕಾಗಿ ಎಷ್ಟೋ ಸಲ ಕೆಮ್ಮಿದ್ದ ಅದೇ ಕೆಮ್ಮನ್ನು ಈಗ ಹಾಡಿನ ಮಾತಿನಂತೆಯೇ ಮುಗಿಸಿ, ಮುಂದಿನ ಸಾಲು ಎತ್ತಿಕೊಂಡ.

ಹಾಡು ಮುಗಿದಾಗ ಅವನು ಗಂಟೆ ಹಿಂತಿರುಗಿಸಲು ಹೋದ. ಚಿಕ್ಕಮ್ಮ ಕೈ ಚಾಚಲಿಲ್ಲ.

“ನಾಳೆ ನಿಮ್ಮ ಚಿಕ್ಕಪ್ಪನ ಟೋಪಿ ಹಾಕ್ಕೊಂಡು ಬಾ,” ಅಂದಳು. “ಕಾಲುವೆ ಹತ್ರ ಬಿಸಿಲು ಜಾಸ್ತಿ.”

ಇಳಿಯುವ ದಾರಿಯಲ್ಲಿ, ನಕ್ಕಿದ್ದ ಪ್ರವಾಸಿಯೇ ಮತ್ತೊಮ್ಮೆ ಫ್ಲೆಮಿಂಗೊ ಕೂಗು ಕೇಳಿಸುವಂತೆ ಕೇಳಿಕೊಂಡ.

“ಇವತ್ತಿಗೆ ಸಾಕು ಸ್ವಾಮಿ,” ಎಂದ ಎವರಿಸ್ತೊ, ತನ್ನದೇ ದನಿಯಲ್ಲಿ. “ಗಂಟಲು ನಾಳೆಗೆ ಬೇಕು.”