ಮೂರು ಬಸ್ಸುಗಳ ಉಳಿತಾಯ

ಇಂಟರ್‌ನ್ಯಾಷನಲ್ ಸಿಟಿ ಎಂಬ ವಸತಿ ಪ್ರದೇಶದಿಂದ ಮಾನ್ಯ ಎಂಬ ತಾಯಿ ಶಾಲೆಗೆ ಫೋನ್ ಮಾಡಿದಾಗ ಎತ್ತಿಕೊಂಡವಳು ಫೆಲ್ಸಿ. ಫೋನ್ ಎತ್ತುವುದು ಅವಳ ಕೆಲಸವಲ್ಲ. ದುಬೈಯ ಆ ಶಾಲೆಯ ಲೆಕ್ಕಪತ್ರ ವಿಭಾಗಕ್ಕೆ ಅವಳು ಮುಖ್ಯಸ್ಥೆ. ರಿಸೆಪ್ಶನ್ನಿನ ಹುಡುಗಿ ನಮಾಜಿಗೆ ಹೋಗಿದ್ದಳು, ಫೋನ್ ರಿಂಗಾಗುತ್ತಲೇ ಇತ್ತು.

“ಮೇಡಂ, ನಮ್ಮ ಹಿತಾ ಮನೆಗೆ ಬಂದಿಲ್ಲ. ಬಸ್ಸು ಬಂದು ಹೋಯ್ತು ಅಂತಾರೆ. ಅವಳಿನ್ನೂ ಬಸ್ಸಲ್ಲೇ ಇದಾಳಾ?”

ಹಿತಾ ಒಂದನೇ ತರಗತಿಯ ಮಗು. ಹೊರಗೆ ಜೂನ್ ತಿಂಗಳ ಬಿಸಿಲು. ಗಲ್ಫಿನಲ್ಲಿ ಮಕ್ಕಳನ್ನು ಬಸ್ಸು ಹತ್ತಿಸುವ ಯಾರಿಗೂ ಆ ಪ್ರಶ್ನೆಯ ಅರ್ಥ ಬಿಡಿಸಿ ಹೇಳಬೇಕಿಲ್ಲ. ನಿದ್ದೆಹೋದ ಮಗು, ಬೀಗ ಹಾಕಿದ ಬಸ್ಸು. ಪೊಲೀಸರಿಗೂ ತಿಳಿಸಿ ಎಂದು ಮಾನ್ಯಳಿಗೆ ಹೇಳಿ, ವಾಚ್‌ಮನ್ ಕೈಯಿಂದ ಹಿತಾಳ ಬಸ್ಸಿನ ಕೀ ಕಿತ್ತುಕೊಂಡು ಫೆಲ್ಸಿ, ಟ್ರಿಪ್ ಮುಗಿಸಿದ ಬಸ್ಸುಗಳು ನಿಲ್ಲುವ ಶಾಲೆಯ ಹಿಂದಿನ ಮರಳು ಮೈದಾನಕ್ಕೆ ಓಡಿದಳು.

ಓಡುವಾಗ ಅವಳನ್ನು ಕಾಡುತ್ತಿದ್ದುದು ಬರೀ ಮಗುವಿನ ಚಿಂತೆಯಲ್ಲ. ಬಸ್ಸುಗಳನ್ನು ಕಡಿಮೆ ಮಾಡಿದ್ದು ಅವಳೇ. ಶಾಲೆ ಒಂದು ಟ್ರಸ್ಟಿನದು. ಮಕ್ಕಳ ಫೀಸು ಬಿಟ್ಟರೆ ಬೇರೆ ಆದಾಯವಿಲ್ಲ. ಹತ್ತಿರದಲ್ಲೇ ಹೊಸ ಶಾಲೆ ತೆರೆದು ಮಕ್ಕಳು ಕಡಿಮೆಯಾಗಿದ್ದರು, ಫೀಸು ಏರಿಸಲು ಸರ್ಕಾರದ ಅನುಮತಿ ಸಿಕ್ಕಿರಲಿಲ್ಲ. ಜಾಗದ ಬಾಡಿಗೆಯನ್ನೂ ಶಿಕ್ಷಕರ ಸಂಬಳವನ್ನೂ ಮುಟ್ಟುವಂತಿರಲಿಲ್ಲ. ಉಳಿದದ್ದು ಬಸ್ಸು. ಮೂರು ಬಸ್ಸು ತೆಗೆದು, ಅವುಗಳ ಮಕ್ಕಳನ್ನು ಉಳಿದವಕ್ಕೆ ಹಂಚಿ, ಪ್ರತಿ ಕಟ್ಟಡದ ಬಾಗಿಲಿಗೆ ಹೋಗುವ ಬದಲು ಒಂದೊಂದು ಬಡಾವಣೆಗೆ ಒಂದೇ ನಿಲ್ದಾಣ ಮಾಡಿದರೆ ಬಜೆಟ್ ಸರಿಹೋಗುತ್ತದೆ ಎಂದು ಅವಳು ತೋರಿಸಿಕೊಟ್ಟಿದ್ದಳು. ಮಕ್ಕಳಿಗೆ ತೊಂದರೆ ಆಗುವುದಿಲ್ಲ ತಾನೆ ಎಂದು ಆಡಳಿತ ಮಂಡಳಿಯ ಅಧ್ಯಕ್ಷ ಶಾಮಸುಂದರ ಕೇಳಿದಾಗ, ಮನೆಗೆ ಸ್ವಲ್ಪ ತಡವಾಗಿ ತಲುಪುತ್ತಾರೆ ಅಷ್ಟೇ ಎಂದಿದ್ದಳು.

ಬಸ್ಸಿನ ಬಾಗಿಲು ತೆರೆದಾಗ ಒಲೆಯ ಬಾಯಿ ತೆರೆದಂತೆ ಬಿಸಿ ಮುಖಕ್ಕೆ ಹೊಡೆಯಿತು. ಕೊನೆಯ ಸಾಲಿನ ಸೀಟಿನ ಮೇಲೆ ಗುಲಾಬಿ ಬಣ್ಣದ್ದೇನೋ ಮುದುಡಿಕೊಂಡು ಬಿದ್ದಿತ್ತು. ಫೆಲ್ಸಿ ಹೆಸರು ಹಿಡಿದು ಕರೆದಳು. ಸೀಟುಗಳನ್ನು ಹಿಡಿದು ಹಿಡಿದು ಹತ್ತಿರ ಹೋಗಿ ಮುಟ್ಟಿದಳು. ಯಾರೋ ಬಿಟ್ಟುಹೋದ ಸ್ವೆಟರ್. ಮಂಡಿಯೂರಿ ಸೀಟುಗಳ ಕೆಳಗೆಲ್ಲ ಹುಡುಕಿದಳು. ಯಾರೂ ಇರಲಿಲ್ಲ.

ಒಂದು ಭಯ ಕಳೆಯಿತು, ಅಷ್ಟೇ. ಬಸ್ಸಿನಲ್ಲಿಲ್ಲ ಎಂದರೆ ಮಗು ಹೊರಗೆಲ್ಲೋ ಒಂಟಿಯಾಗಿದೆ.

ಅಷ್ಟರಲ್ಲಿ ಬಸ್ಸಿನ ಆಯಾ ಕ್ರಿಸ್ಟಿನಾ ಓಡಿಬಂದಳು. “ಹಿಂದಿನ ಸೀಟಲ್ಲಿ ಒಂದು ಮಗು ವಾಂತಿ ಮಾಡ್ತಿತ್ತು ಮ್ಯಾಮ್, ನಾನು ಅಲ್ಲಿದ್ದೆ. ಪರ್ಷಿಯಾ ಕ್ಲಸ್ಟರಲ್ಲಿ ದೊಡ್ಡ ಮಕ್ಕಳು ನುಗ್ಗಿ ಇಳಿದ್ರು. ಅವರೊಟ್ಟಿಗೆ ಇಳಿದಳೋ ಏನೋ.”

ಅಲ್ಲಿಯ ಬಡಾವಣೆಗಳಿಗೆ ಕ್ಲಸ್ಟರ್ ಎನ್ನುತ್ತಾರೆ. ಹಿತಾಳ ಮನೆ ಇದ್ದದ್ದು ಇನ್ನೊಂದರಲ್ಲಿ, ಮೊರಾಕೊ ಕ್ಲಸ್ಟರಿನಲ್ಲಿ.

ಇಬ್ಬರೂ ಫೆಲ್ಸಿಯ ಕಾರಿನಲ್ಲಿ ಹೊರಟರು. ಪರ್ಷಿಯಾ ಕ್ಲಸ್ಟರಿಗೆ ಬಂದಾಗ ಫೆಲ್ಸಿಗೆ ಎದೆಯೊಡೆದಂತಾಯಿತು. ಎತ್ತ ನೋಡಿದರೂ ಅದೇ ಎತ್ತರದ, ಅದೇ ಮಣ್ಣುಬಣ್ಣದ ಕಟ್ಟಡಗಳು. ದೊಡ್ಡವರೇ ದಾರಿ ತಪ್ಪುವ ಜಾಗ. ನಡುನಡುವೆ ಪಾರ್ಕಿಂಗ್, ಆಚೆ ಲಾರಿಗಳು ಓಡುವ ರಸ್ತೆ. ಗ್ರೋಸರಿಗಳಲ್ಲಿ ಕೇಳಿದರು, ಲಾಂಡ್ರಿಯಲ್ಲಿ ಕೇಳಿದರು. ಎಲ್ಲರೂ ಮಾಫಿ, ಇಲ್ಲ ಎಂದು ಕೈಯಾಡಿಸಿದರು. ರಸ್ತೆಯ ಕಡೆ ಯಾವುದಾದರೂ ಹಾರ್ನ್ ಕೇಳಿದರೆ ಕ್ರಿಸ್ಟಿನಾ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. ಬೆವರಿನಿಂದ ಫೆಲ್ಸಿಯ ಕಣ್ಣು ಉರಿಯುತ್ತಿತ್ತು. ಈ ಬಿಸಿಲಲ್ಲಿ ಅಷ್ಟು ಚಿಕ್ಕ ಮೈ ಎಷ್ಟು ಹೊತ್ತು ತಾಳೀತು ಎಂದು ಲೆಕ್ಕಹಾಕುವ ತನ್ನ ತಲೆಯನ್ನು ಅವಳೇ ಶಪಿಸಿಕೊಂಡಳು.

ಕೊನೆಗೆ ಒಂದು ಕಟ್ಟಡದ ವಾಚ್‌ಮನ್ ತಾನಾಗಿಯೇ ಕೈಬೀಸಿ ಕರೆದು ಮೂರನೇ ಮಹಡಿಗೆ ಹೋಗಿ ಎಂದ.

ಅಲ್ಲಿ ಮಗನ ಮನೆಗೆ ಉಳ್ಳಾಲದಿಂದ ಬಂದಿದ್ದ ಖತೀಜಮ್ಮನ ಪಕ್ಕ ಹಿತಾ ಮಜ್ಜಿಗೆ ಕುಡಿಯುತ್ತ ಕುಳಿತಿದ್ದಳು. ಮುಖ ಕೆಂಪಾಗಿ ಬಾತಿತ್ತು. ತನ್ನ ಕಟ್ಟಡವೇ ಎಂದುಕೊಂಡು ಒಳಹೊಕ್ಕು, ಲಿಫ್ಟಿನಲ್ಲಿ ಅಭ್ಯಾಸದಂತೆ ಮೂರನೇ ಮಹಡಿಗೆ ಬಂದು, ತಮ್ಮ ಮನೆಯ ನಂಬರೇ ಇದ್ದ ಬಾಗಿಲನ್ನು ತಟ್ಟಿದ್ದಳಂತೆ.

“ಬಾಗಿಲು ತೆಗೆದ್ರೆ ಈ ಮಗು ಮಾರ್ರೆ,” ಎಂದರು ಖತೀಜಮ್ಮ. “ಅಳ್ತಾ ಇತ್ತು. ಕೇಳಿದ್ದಕ್ಕೆಲ್ಲ ಇಂಗ್ಲಿಷ್. ಯಾರಾದ್ರೂ ಹುಡುಕಿಕೊಂಡು ಬಂದ್ರೆ ಮೇಲೆ ಕಳಿಸು ಅಂತ ವಾಚ್‌ಮನ್‌ಗೆ ಹೇಳಿಸಿದೆ.”

ಅದೇ ಸಾಲಿನ ಉಳಿದ ಬಾಗಿಲುಗಳನ್ನು ಫೆಲ್ಸಿ ನೋಡಿದಳು. ಯಾವುದರ ಹಿಂದೆ ಯಾರಿದ್ದಾರೋ. ಮಾನ್ಯಳಿಗೆ ಫೋನ್ ಮಾಡಿ ವಿಳಾಸ ಹೇಳಿದಳು.

ಮಾನ್ಯ ಬಂದು ಮಗಳನ್ನು ಬಾಚಿಕೊಂಡು ಬಹಳ ಹೊತ್ತು ಅತ್ತಳು. ಬೈಯಲಿಲ್ಲ. ಹೊರಡುವಾಗ ಮಾತ್ರ ಕೇಳಿದಳು: “ಮುಂಚೆ ಬಸ್ಸು ನಮ್ಮ ಬಾಗಿಲಿಗೇ ಬರ್ತಿತ್ತಲ್ಲ. ಯಾಕೆ ನಿಲ್ಲಿಸಿದ್ರಿ?”

ಫೆಲ್ಸಿ ಹಿತಾಳ ಶಾಲೆಯ ಬ್ಯಾಗನ್ನು ಎತ್ತಿ ತಾಯಿಯ ಕೈಗೆ ಕೊಟ್ಟಳು.

ಅದೇ ವಾರ ಮಂಡಳಿಯ ಸಭೆ ಸೇರಿತು. ಆಯಾಳ ನಿರ್ಲಕ್ಷ್ಯವೇ ಕಾರಣ, ಅವಳನ್ನು ತೆಗೆದು ಪೋಷಕರಿಗೆ ತಿಳಿಸೋಣ ಎಂದರು ಶಾಮಸುಂದರ. ಕೆಲಸ ಹೋದರೆ ಕ್ರಿಸ್ಟಿನಾಳ ವೀಸಾ ಹೋಗುತ್ತದೆ. ಫೆಲ್ಸಿಯ ವೀಸಾವೂ ಅದೇ ಶಾಲೆಯದು. ಬಾಯಿ ತೆರೆಯಲು ಅವಳಿಗೆ ಹೆದರಿಕೆಯಾಯಿತು, ಆದರೂ ತೆರೆದಳು.

“ಅವಳ ತಪ್ಪಲ್ಲ ಸರ್. ಒಬ್ಬಳೇ ಆಯಾಳ ಕೈಗೆ ಎರಡು ಬಸ್ಸಿನ ಮಕ್ಕಳನ್ನು ಕೊಟ್ಟದ್ದು ನಾನು. ಬಸ್ಸು ವಾಪಸ್ ಹಾಕ್ಬೇಕು.”

ಹಣ ಎಲ್ಲಿದೆ ಎಂದು ಅವರು ಕೇಳಿದರು. ಹೊಸ ಲ್ಯಾಬಿಗೆ ಇಟ್ಟದ್ದನ್ನು ತೆಗೆಯಿರಿ ಎಂದಳು. ಲ್ಯಾಬ್ ಇಲ್ಲದಿದ್ದರೆ ಸರ್ಕಾರದ ತಪಾಸಣೆಯಲ್ಲಿ ಶಾಲೆಯ ದರ್ಜೆ ಏರುವುದಿಲ್ಲ, ದರ್ಜೆ ಏರದಿದ್ದರೆ ಫೀಸು ಏರಿಸುವ ಆಸೆ ಬಿಡಬೇಕು ಎಂಬುದು ಅಲ್ಲಿ ಕೂತ ಎಲ್ಲರಿಗೂ ಗೊತ್ತಿತ್ತು.

“ಮುಂದಿನ ವರ್ಷ ಶಾಲೆ ನಡೆಸೋಕೇ ಆಗದಿದ್ರೆ?” ಎಂದರು ಶಾಮಸುಂದರ.

“ನಂಗೂ ಅದೇ ಹೆದರಿಕೆ ಸರ್. ಆದ್ರೆ ಆ ಬಸ್ಸಿನ ಒಳಗೆ ಹುಡುಕಿದವಳು ನಾನು.”

ಲ್ಯಾಬಿನ ಹಣ ತೆಗೆಯಲು ಮಂಡಳಿ ಒಪ್ಪಿತು. ಕೊನೆಗೆ ಎರಡು ಬಸ್ಸು ಮರಳಿದವು, ಮೂರನೆಯದು ಮರಳಲಿಲ್ಲ. ಕ್ರಿಸ್ಟಿನಾ ಉಳಿದಳು. ಮಾನ್ಯ ಮಗಳನ್ನು ಬೇರೆ ಶಾಲೆಗೆ ಸೇರಿಸಿದಳು. ಲ್ಯಾಬ್ ಹಳೆಯದೇ ಉಳಿಯಿತು, ದರ್ಜೆ ಏರಲಿಲ್ಲ, ಫೀಸೂ ಏರಲಿಲ್ಲ.

ಈಗ ಫೆಲ್ಸಿ ಮುಂದಿನ ವರ್ಷದ ಬಜೆಟ್ ಮಾಡುತ್ತಿದ್ದಾಳೆ. ಮತ್ತೆ ಸಾಲುತ್ತಿಲ್ಲ. ಬಸ್ಸಿನ ಸಾಲನ್ನು ಅವಳು ಮುಟ್ಟಿಲ್ಲ. ಅದರ ಕೆಳಗಿನ ಸಾಲಿನಲ್ಲಿ ಶಾಲೆಯ ಇಬ್ಬರು ನರ್ಸ್‌ಗಳ ಸಂಬಳವಿದೆ. ಒಬ್ಬರು ಸಾಕಾಗುತ್ತಾರೆ ಎಂದು ತೋರಿಸುವುದು ಕಷ್ಟವಲ್ಲ. ಆ ಸಾಲಿನ ಮೇಲೆ ಬಂದಾಗಲೆಲ್ಲ ಅವಳ ಬೆರಳು ತಣ್ಣಗಾಗುತ್ತದೆ.